ತೊಳೆಯುವ ಕೆಲಸ

ನೋಡಮ್ಮ, ಆರು ತಿಂಗಳಿಂದ ಬೇರೆಯವರ ಗೆರೆಗಳನ್ನೇ ತಿದ್ದಿ ಸಾಕಾಗಿದೆ, ನನ್ನದು ಅಂತ ಒಂದು ಚಿತ್ರವೂ ಇಲ್ಲ ಅಂತ ಮೊನ್ನೆ ಫೋನಿನಲ್ಲಿ ಅತ್ತೆಯಲ್ಲ, ಆಗ ನನಗೆ ಕಾರ್ಟೂನ್ ಚಿತ್ರಗಳ ಚಕ್ ಜೋನ್ಸ್ ನೆನಪಾದ. ನೀನು ಅನ್ನದ ತಟ್ಟೆ ಮುಂದಿಟ್ಟುಕೊಂಡು ಬಾಯಿ ತೆರೆದು ನೋಡುತ್ತಿದ್ದ ರೋಡ್ ರನ್ನರ್ ಹಕ್ಕಿ, ಅದರ ಹಿಂದೆ ಓಡಿ ಕಮರಿಗೆ ಬೀಳುವ ಆ ಬಡಕಲು ಕಯೋಟಿ, ಎರಡೂ ಅವನ ಕೂಸುಗಳು.

1912ರಲ್ಲಿ ಅಮೆರಿಕದ ಸ್ಪೋಕೇನ್‌ನಲ್ಲಿ ಹುಟ್ಟಿದವನು. ಅವನಪ್ಪ ಕೈಹಾಕಿದ ವ್ಯಾಪಾರ ಯಾವುದೂ ಹತ್ತಲಿಲ್ಲ. ಪ್ರತಿ ಸಲ ಹೊಸ ಕಂಪನಿಯ ಹೆಸರು ಅಚ್ಚಾದ ಕಾಗದ ಕಟ್ಟುಗಟ್ಟಲೆ ಬರೋದು, ಅಂಗಡಿ ಮುಳುಗಿದ ಮೇಲೆ ಅಷ್ಟೂ ಮಕ್ಕಳ ಪಾಲಾಗೋದು. ಗೀಚಿ ಗೀಚಿ ಬೆಳೆದ ಹುಡುಗ ಶೂನಾರ್ಡ್ ಕಲಾಶಾಲೆಯಲ್ಲಿ ಓದಿ ಹೊರಬಿದ್ದ. ಸಿಕ್ಕ ಕೆಲಸ ಏನು ಗೊತ್ತೆ? ಅಬ್ ಐವರ್ಕ್ಸ್ ಸ್ಟುಡಿಯೋದಲ್ಲಿ ಸೆಲ್ ತೊಳೆಯೋದು! ಚಿತ್ರೀಕರಣ ಮುಗಿದ ಪಾರದರ್ಶಕ ಹಾಳೆಗಳ ಬಣ್ಣ ಉಜ್ಜಿ ತೆಗೆದು ಮತ್ತೆ ಬಳಕೆಗೆ ಕೊಡಬೇಕು. ಇನ್ನೊಬ್ಬರು ಬರೆದದ್ದನ್ನು ಅಳಿಸುವ ಸಂಬಳ. ನಿನ್ನದು ತಿದ್ದುವ ಕೆಲಸವಾದರೂ ಹೌದು.

1933ರಲ್ಲಿ ಕಾರ್ಟೂನ್ ನಿರ್ಮಾಪಕ ಲಿಯಾನ್ ಶ್ಲೆಸಿಂಜರ್ ಬಳಿ ಸೇರಿದ, 1938ಕ್ಕೆ ನಿರ್ದೇಶಕನಾದ. ಆದರೂ ಮೊದಮೊದಲ ಚಿತ್ರಗಳು ಡಿಸ್ನಿಯ ನೆರಳಿನವು. ಮುದ್ದು ಜಾಸ್ತಿ, ನಗು ಕಮ್ಮಿ. ನನಗಂತೂ ಅವು ಆಕಳಿಕೆ ತರಿಸುತ್ತವೆ. ಕುರ್ಚಿ ಸಿಕ್ಕಿದ ಮಾತ್ರಕ್ಕೆ ಕೈ ತನ್ನದಾಗಲಿಲ್ಲ ನೋಡು. ಕಯೋಟಿ ಹುಟ್ಟಿದ್ದು ಹನ್ನೊಂದು ವರ್ಷ ಕಳೆದ ಮೇಲೆ, 1949ರಲ್ಲಿ.

ಅದು ಕಮರಿಗೆ ಬೀಳೋದನ್ನೇ ಇನ್ನೊಮ್ಮೆ ಹಾಕಿ ನೋಡು. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮು. ಕಯೋಟಿ ಮೇಲಿನಿಂದ ಜಾರಿ, ಚುಕ್ಕಿಯಾಗಿ ಕಣ್ಮರೆಯಾಗಲು ಜೋನ್ಸ್ ಕೊಡುತ್ತಿದ್ದದ್ದು 18 ಫ್ರೇಮು. ಆಮೇಲೆ 14 ಫ್ರೇಮು ಏನೂ ಇಲ್ಲ. ಖಾಲಿ ಕಮರಿ. ಆಗ ಕೆಳಗೆ ಪುಸ್ ಅಂತ ಒಂದು ಹಿಡಿ ಧೂಳು. ನಗು ಇರೋದು ಆ ಖಾಲಿಯಲ್ಲಿ. ಒಂದೆರಡು ಫ್ರೇಮು ಆಚೀಚೆಯಾದರೂ ಸಪ್ಪೆ ಅನ್ನುತ್ತಿದ್ದ. ಈ ಲೆಕ್ಕ ಅವನಿಗೆ ಒಂದೇ ದಿನದಲ್ಲಿ ಬರಲಿಲ್ಲಮ್ಮ.

ಕಥೆಗೆ ಮೈಕಲ್ ಮಾಲ್ಟೀಸ್, ಹಿನ್ನೆಲೆಯ ವಿನ್ಯಾಸಕ್ಕೆ ಮಾರಿಸ್ ನೋಬಲ್, ದನಿಗೆ ಮೆಲ್ ಬ್ಲಾಂಕ್ ಜೊತೆಗಿದ್ದರು. ಏಳು ನಿಮಿಷದ ಚಿತ್ರವೂ ಒಬ್ಬನ ಕೈಯದ್ದಲ್ಲ.

ನಾಳೆ ಕೆಲಸಕ್ಕೆ ಹೋದಾಗ ನಿನ್ನ ಮುಂದೆ ಬರುವ ಗೆರೆ ಯಾರದು ಅಂತ ಕೇಳು. ಆ ಕೈ ಎಲ್ಲಿ ತಡೆದಿದೆ, ಎಲ್ಲಿ ಓಡಿದೆ, ಭಾನುವಾರ ಬಂದಾಗ ನನಗೆ ಬಿಡಿಸಿ ತೋರಿಸು. ಅತ್ತೆ ಕೋಡುಬಳೆ ಕರಿದಿಟ್ಟಿರುತ್ತಾಳೆ.