ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಕಲಿ

ಪುಟ್ಟಿ, ನೀನು ಮೊಬೈಲಿನಲ್ಲಿ ‘ಏಸ್ ಅಟಾರ್ನಿ’ ಆಡುತ್ತೀಯೆಂದು ನಿಮ್ಮಪ್ಪ ಬೇಸರಪಟ್ಟುಕೊಂಡ. ಆಡು, ನನ್ನ ಅಡ್ಡಿಯಿಲ್ಲ. 2001ರಲ್ಲಿ ಜಪಾನಿನಲ್ಲಿ ಬಂದ ಆಟ ಅದು. ಸಾಕ್ಷಿಯ ಒಂದೊಂದು ಮಾತನ್ನೂ ಕೆದಕಬೇಕು, ಕೈಯಲ್ಲಿರುವ ದಾಖಲೆಗೆ ಯಾವುದು ತಾಳೆಯಾಗುವುದಿಲ್ಲವೋ ಅಲ್ಲೇ ಹಿಡಿಯಬೇಕು. ಪಾಟಿ ಸವಾಲಿನ ಅರ್ಧ ಕೆಲಸ ಅದೇ.

ಇನ್ನರ್ಧ, ಎಲ್ಲಿ ನಿಲ್ಲಿಸಬೇಕು ಎಂಬುದು, ಆ ಆಟದಲ್ಲಿಲ್ಲ. ನಾನು ಜೂನಿಯರ್ ಆಗಿದ್ದಾಗಿನ ಒಂದು ಹೊಡೆದಾಟದ ಕೇಸು. ಅಮಾವಾಸ್ಯೆ ರಾತ್ರಿ, ಬೀದಿದೀಪ ಇರಲಿಲ್ಲ ಎಂದು ಸಾಕ್ಷಿ ಒಪ್ಪಿಕೊಂಡಿದ್ದ. ಅಲ್ಲಿಗೇ ಕೂತುಬಿಡಬೇಕಿತ್ತು. ‘ಮತ್ತೆ ಹೇಗಪ್ಪಾ ಗುರುತು ಹಿಡಿದೆ?’ ಎಂದೆ. ‘ನನ್ನ ಕೈಲಿ ಬ್ಯಾಟರಿ ಇತ್ತಲ್ಲ ಸ್ವಾಮಿ’ ಎಂದ. ನ್ಯಾಯಾಧೀಶರು ಹೇಳಿ ಬರೆಸಿದರು. ಕೊನೆಗೆ ‘ನಾನು ಸುಳ್ಳು ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ’ ಎಂಬ ಸಾಲೂ ಸೇರಿತು. ಕಕ್ಷಿದಾರನ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ. ನಿನ್ನ ಆಟವೋ, ಇನ್ನೂ ಕೇಳು ಎಂದೇ ಹುರಿದುಂಬಿಸುತ್ತದೆ.

ಇಂಥ ಆಟಗಳಲ್ಲಿ ನನಗೆ ಮೆಚ್ಚಿಕೆಯಾದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಕಾನೂನು ಮೇಷ್ಟ್ರುಗಳು ಕಟ್ಟಿದ್ದ ಆರ್ಡ್‌ಕಾಲಕ್ ಎಂಬ ಊರು. ಅದು ಕಂಪ್ಯೂಟರಿನಲ್ಲಿ ಮಾತ್ರ ಇದ್ದ ಊರು. ನಾಲ್ಕು ನಾಲ್ಕು ವಿದ್ಯಾರ್ಥಿಗಳು ಸೇರಿ ಒಂದೊಂದು ವಕೀಲರ ಕಚೇರಿ. ಕೆಲಸದಲ್ಲಿ ಗಾಯಗೊಂಡವನ ಪರ ಒಂದು ಕಚೇರಿ, ಎದುರು ಪಕ್ಷಕ್ಕೆ ಇನ್ನೊಂದು. ಮಾಹಿತಿ ಬೇಕಿದ್ದರೆ ಪತ್ರ ಬರೆದು ಕೇಳಬೇಕು, ಉತ್ತರಕ್ಕೆ ಕಾಯಬೇಕು. ಕೇಳದೇ ಹೋದದ್ದು ಕೈಗೆ ಬರುವುದಿಲ್ಲ. ಕಡೆಗೆ ಪರಿಹಾರದ ಮಾತುಕತೆ. ನಿನ್ನ ಆಟದಲ್ಲಿ ‘ಆಬ್ಜೆಕ್ಷನ್’ ಎಂದು ಕೂಗುವುದಕ್ಕಿಂತ ನಮ್ಮ ವೃತ್ತಿಗೆ ಹತ್ತಿರದ್ದು ಇದು. ಇದಕ್ಕೆ ದೊಡ್ಡ ಸಾಫ್ಟ್‌ವೇರೂ ಬೇಡ. ನೀವು ನಾಲ್ವರು ಗೆಳತಿಯರು ಒಂದು ಇ-ಮೇಲ್ ತೆರೆಯಿರಿ, ಕಕ್ಷಿದಾರರ ಪಾತ್ರ ಮಾಡಿ ಎಂದು ಮೇಷ್ಟ್ರನ್ನು ಕೇಳಿಕೊಳ್ಳಿ. ಅಲ್ಲಿ ಬೇಕಾದಷ್ಟು ತಪ್ಪು ಮಾಡಿ. ಯಾರ ಮನೆಯೂ ಹಾಳಾಗುವುದಿಲ್ಲ.

ಒಂದು ಎಚ್ಚರ: ಆಟದ ಕಾನೂನು ನಮ್ಮ ಕಾನೂನಲ್ಲ. ಅಲ್ಲಿ ಕಂಡ ಪ್ರತಿ ಆಕ್ಷೇಪಣೆಯನ್ನೂ ಭಾರತೀಯ ಸಾಕ್ಷ್ಯ ಅಧಿನಿಯಮದ ಪಕ್ಕ ಇಟ್ಟು ನೋಡು. 2024ರ ಜುಲೈ 1ರಿಂದ ಜಾರಿಯಲ್ಲಿರುವುದು ಅದೇ.

ನಿಮ್ಮ ಕಾನೂನು ಓದಿಗೆ ಬಾರ್ ಕೌನ್ಸಿಲ್ ಮಾಡಿರುವ 2008ರ ನಿಯಮದಲ್ಲಿ ಒಂದು ಸಿವಿಲ್, ಒಂದು ಕ್ರಿಮಿನಲ್ ಕೇಸಿನ ವಿಚಾರಣೆ ನೋಡಿ ಬರೆಯುವುದಕ್ಕೆ 30 ಅಂಕಗಳಿವೆ. ದಯವಿಟ್ಟು ಸೀನಿಯರ್‌ಗಳ ಡೈರಿ ನೋಡಿ ಬರೆಯಬೇಡ. ಸೋಮವಾರ ಹನ್ನೊಂದಕ್ಕೆ ನನ್ನ ಕೇಸಿನಲ್ಲಿ ಸಾಕ್ಷಿ ವಿಚಾರಣೆ ಇದೆ. ಮೊಬೈಲು ಆಫ್ ಮಾಡಿ ಬಾ, ಹಿಂದಿನ ಬೆಂಚಿನಲ್ಲಿ ಜಾಗವಿರುತ್ತದೆ.