ನಾಡಿ ಇಲ್ಲದೆಯೂ ಮಿದುಳಿಗೆ ರಕ್ತ: ಹೃದಯ ನೆರವಿನ ಯಂತ್ರಗಳು – ಮುಖ್ಯಾಂಶಗಳು

ಮಿದುಳಿನ ಅಗತ್ಯ
• ದೇಹದ ತೂಕದಲ್ಲಿ ಮಿದುಳಿನ ಪಾಲು ಸುಮಾರು ಶೇ 2. ಆದರೆ ಹೃದಯ ಹೊರಹಾಕುವ ರಕ್ತದಲ್ಲಿ ಸುಮಾರು ಶೇ 15, ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ 20 ಅದಕ್ಕೇ ಬೇಕು.
• ಹರಿವು: 100 ಗ್ರಾಂ ಅಂಗಾಂಶಕ್ಕೆ ನಿಮಿಷಕ್ಕೆ ಸುಮಾರು 50 ಮಿ.ಲೀ.
• ಸೂತ್ರ: ಮಿದುಳಿನ ರಕ್ತಪೂರಣ ಒತ್ತಡ = ಸರಾಸರಿ ಅಪಧಮನಿ ಒತ್ತಡ − ತಲೆಬುರುಡೆಯೊಳಗಿನ ಒತ್ತಡ. ಇದರಲ್ಲಿ ನಾಡಿಮಿಡಿತಕ್ಕೆ ಜಾಗವೇ ಇಲ್ಲ ಎಂಬುದನ್ನು ಗಮನಿಸಿ. ಇಷ್ಟು ಅರ್ಥವಾದರೆ ಮುಂದಿನದನ್ನು ಉರು ಹೊಡೆಯಬೇಕಾಗಿಲ್ಲ.
• ಸ್ವಯಂ ನಿಯಂತ್ರಣ: ಸರಾಸರಿ ಒತ್ತಡ ಸುಮಾರು 60ರಿಂದ 150 ಮಿ.ಮೀ. ಪಾದರಸದ ನಡುವೆ ಏರಿಳಿದರೂ ಮಿದುಳಿನ ರಕ್ತನಾಳಗಳು ಹಿಗ್ಗಿ, ಕುಗ್ಗಿ ಹರಿವನ್ನು ಸಮವಾಗಿಡುತ್ತವೆ. ಇದು ಪಠ್ಯಪುಸ್ತಕದ ಅಂಕಿ. ವ್ಯಕ್ತಿಯಿಂದ ವ್ಯಕ್ತಿಗೆ ವ್ಯತ್ಯಾಸವಿದೆ.

ಎಲ್‌ವ್ಯಾಡ್
• ಎಡ ಹೃತ್ಕುಕ್ಷಿಗೆ ನೆರವಾಗುವ ಯಂತ್ರ: ಹೃತ್ಕುಕ್ಷಿಯ ತುದಿಯಿಂದ ರಕ್ತ ಎಳೆದು ಆರೋಹಿ ಮಹಾಪಧಮನಿಗೆ ತಳ್ಳುವ ಪಂಪ್. ಹೃದಯ ಸೋತಾಗ ಕುಗ್ಗಿದ್ದ ಮಿದುಳಿನ ಹರಿವು ಇದರಿಂದ ಸುಧಾರಿಸುತ್ತದೆ.
• ಹಳೆಯ ಪಂಪುಗಳು ಹೃದಯದಂತೆಯೇ ಮಿಡಿಯುತ್ತಿದ್ದವು. 2001ರ ರೀಮ್ಯಾಚ್ ಅಧ್ಯಯನದಲ್ಲಿ ಒಂದು ವರ್ಷ ಬದುಕುಳಿದವರು: ಯಂತ್ರ ಪಡೆದವರಲ್ಲಿ ಶೇ 52, ಔಷಧಿ ಮಾತ್ರ ಪಡೆದವರಲ್ಲಿ ಶೇ 25.
• ಈಗಿನವು ನಿರಂತರ ಹರಿವಿನವು. ಹಾರ್ಟ್‌ಮೇಟ್ 2ರಲ್ಲಿ ರಕ್ತ ಅಕ್ಷದ ಗುಂಟ ಸಾಗುತ್ತದೆ. ಹಾರ್ಟ್‌ಮೇಟ್ 3ರಲ್ಲಿ ತಿರುಗುವ ಭಾಗ ಅಯಸ್ಕಾಂತ ಬಲದಿಂದ ತೇಲುತ್ತದೆ, ಪ್ರತಿ 2 ಸೆಕೆಂಡಿಗೊಮ್ಮೆ ವೇಗ ಬದಲಿಸಿ ಕೃತಕ ಮಿಡಿತ ಕೊಡುತ್ತದೆ.
• ನಿರಂತರ ಹರಿವಿನಲ್ಲಿ ಮಣಿಕಟ್ಟಿನ ನಾಡಿ ಕೈಗೆ ಸಿಗದಿರಬಹುದು. ತಲೆಬುರುಡೆಯ ಮೇಲಿಂದ ಡಾಪ್ಲರ್ ಹಿಡಿದು ಮಿದುಳಿನ ಮಧ್ಯ ಅಪಧಮನಿ ನೋಡಿದರೆ ಏರಿಳಿತ ಸಪಾಟಾಗಿರುತ್ತದೆ, ಅಂದರೆ ಮಿಡಿತ ಸೂಚ್ಯಂಕ ಇಳಿದಿರುತ್ತದೆ. ಹರಿವು ನಿಂತಿದೆ ಎಂದು ಅದರ ಅರ್ಥವಲ್ಲ. ಈ ರೋಗಿಗಳಲ್ಲಿ ಸ್ವಯಂ ನಿಯಂತ್ರಣ ಬಹುಪಾಲು ಉಳಿದಿರುವುದು ಕಂಡುಬಂದಿದೆ. ಆದರೆ ಮಿಡಿತ ಕಡಿಮೆಯಾದಾಗ ಒತ್ತಡಗ್ರಾಹಿಗಳು ಸಡಿಲಗೊಂಡು ಅನುವೇದಕ (ಸಿಂಪಥೆಟಿಕ್) ನರಗಳ ಚಟುವಟಿಕೆ ಹೆಚ್ಚುತ್ತದೆ.

ಅಪಾಯ ಎಲ್ಲಿಂದ?
ಪರೀಕ್ಷಕರು ಹೆಚ್ಚು ಕೇಳುವ ಭಾಗ ಇದು. ವಾರ್ಡಿನಲ್ಲಿ ಜೀವ ಉಳಿಸುವುದೂ ಇದೇ.
• ಪಂಪಿನಲ್ಲಿ ಹೆಪ್ಪುಗಟ್ಟಿದ ರಕ್ತ ಆರೋಹಿ ಮಹಾಪಧಮನಿಯಿಂದ ನೇರ ಮಿದುಳಿಗೆ ಹೋಗಬಲ್ಲದು: ಪಾರ್ಶ್ವವಾಯು.
• ಅದನ್ನು ತಡೆಯಲು ಕೊಡುವ ವಾರ್ಫರಿನ್ (ಐಎನ್‌ಆರ್ ಗುರಿ ಸಾಮಾನ್ಯವಾಗಿ 2–3) ರಕ್ತಸ್ರಾವಕ್ಕೆ ದಾರಿ ಮಾಡುತ್ತದೆ. ಪಂಪಿನ ಉಜ್ಜುವಿಕೆಗೆ ವಾನ್ ವಿಲ್ಲೆಬ್ರಾಂಡ್ ಅಂಶದ ದೊಡ್ಡ ಸರಪಳಿಗಳು ತುಂಡಾಗುವುದರಿಂದ ಸ್ರಾವದ ಭಯ ಇನ್ನಷ್ಟು.
• ಅಧಿಕ ರಕ್ತದೊತ್ತಡವೇ ಮುಖ್ಯ ಶತ್ರು. ಎಚ್‌ವ್ಯಾಡ್ ಎಂಬ ಇನ್ನೊಂದು ಪಂಪಿನಲ್ಲಿ ಈ ಅಪಾಯ ಎದ್ದು ಕಂಡಿತು. ನರಸಂಬಂಧಿ ತೊಂದರೆ ಮತ್ತು ಸಾವು ಹೆಚ್ಚಿದ್ದುದರಿಂದ, ನಿಂತ ಪಂಪ್ ಮತ್ತೆ ಶುರುವಾಗದ ದೋಷದಿಂದಲೂ ಅದರ ಮಾರಾಟ 2021ರ ಜೂನ್‌ನಲ್ಲಿ ನಿಂತಿತು.
• ಮೊಮೆಂಟಮ್ 3 ಅಧ್ಯಯನದ ಎರಡು ವರ್ಷದ ವರದಿ (2018): ಪಾರ್ಶ್ವವಾಯು ಹಾರ್ಟ್‌ಮೇಟ್ 3ರಲ್ಲಿ ಶೇ 10.1, ಹಾರ್ಟ್‌ಮೇಟ್ 2ರಲ್ಲಿ ಶೇ 19.2.

ತಾತ್ಕಾಲಿಕ ಯಂತ್ರಗಳು
• ಬಲೂನ್ ಪಂಪ್: ಎಡಗೈಗೆ ರಕ್ತ ಒಯ್ಯುವ ಸಬ್‌ಕ್ಲೇವಿಯನ್ ಅಪಧಮನಿಯ ಆಚೆ, ಅವರೋಹಿ ಮಹಾಪಧಮನಿಯಲ್ಲಿ ಇರುತ್ತದೆ, ಹೃದಯ ಸಡಿಲವಾದಾಗ ಹೀಲಿಯಂನಿಂದ ಉಬ್ಬುತ್ತದೆ. ಮೇಲೆ ಸರಿದರೆ ಎಡಗೈ ನಾಡಿ ಹೋಗುತ್ತದೆ.
• ಇಂಪೆಲ್ಲಾ: ಮಹಾಪಧಮನಿ ಕವಾಟದ ಮೂಲಕ ಹಾಯುವ ಸಣ್ಣ ಪಂಪ್.
• ತೊಡೆಯಿಂದ ಹಾಕುವ ವೀನೋ-ಆರ್ಟೀರಿಯಲ್ ಎಕ್ಮೋ (ದೇಹದ ಹೊರಗೆ ರಕ್ತಕ್ಕೆ ಆಮ್ಲಜನಕ ತುಂಬುವ ಯಂತ್ರ): ಆಮ್ಲಜನಕ ತುಂಬಿದ ರಕ್ತ ಕೆಳಗಿನಿಂದ ಮೇಲಕ್ಕೇರುತ್ತದೆ. ಶ್ವಾಸಕೋಶ ಕೆಟ್ಟಿದ್ದು ಹೃದಯ ಚೇತರಿಸಿಕೊಳ್ಳತೊಡಗಿದರೆ, ಆಮ್ಲಜನಕವಿಲ್ಲದ ರಕ್ತವನ್ನು ಹೃದಯವೇ ಮಿದುಳಿಗೆ ತಳ್ಳುತ್ತದೆ. ಕಾಲು ಕೆಂಪಗೆ, ತುಟಿ ನೀಲಿ: ಇದು ಹಾರ್ಲೆಕ್ವಿನ್ ಸಿಂಡ್ರೋಮ್. ಆದ್ದರಿಂದ ಮಿದುಳಿಗೆ ಎಂಥ ರಕ್ತ ಹೋಗುತ್ತಿದೆ ಎಂದು ತಿಳಿಯಲು ರಕ್ತದ ಮಾದರಿಯನ್ನು ಬಲ ಮಣಿಕಟ್ಟಿನಿಂದಲೇ ತೆಗೆಯಬೇಕು.

ತುರ್ತು ಸಂದರ್ಭ
• ಎಲ್‌ವ್ಯಾಡ್ ರೋಗಿಯ ರಕ್ತದೊತ್ತಡವನ್ನು ಪಟ್ಟಿ ಮತ್ತು ಡಾಪ್ಲರ್‌ನಿಂದ ಅಳೆಯಿರಿ. ಸರಾಸರಿ 70–90 ಇರಲಿ. ಬೆರಳಿನ ಆಕ್ಸಿಮೀಟರನ್ನು ನಂಬಬೇಡಿ.
• ರೋಗಿ ಪ್ರಜ್ಞೆ ತಪ್ಪಿದ್ದರೆ ಎದೆಗೆ ಕಿವಿಗೊಟ್ಟು ಪಂಪಿನ ಗುಂಯ್‌ ಸದ್ದು ಕೇಳಿ, ಬ್ಯಾಟರಿ, ತಂತಿ ನೋಡಿ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ 2017ರ ಹೇಳಿಕೆಯಂತೆ, ರಕ್ತಸಂಚಾರ ಸಾಲದಿದ್ದರೆ (ಸರಾಸರಿ ಒತ್ತಡ 50 ಅಥವಾ ಕೆಳಗೆ) ಎದೆಯೊತ್ತು ಶುರು ಮಾಡಬೇಕು. ನಾಡಿ ಸಿಗಲಿಲ್ಲ ಎಂಬ ಒಂದೇ ಕಾರಣಕ್ಕೆ ಉತ್ತರಪತ್ರಿಕೆಯಲ್ಲಾಗಲಿ, ಹಾಸಿಗೆಯ ಬದಿಯಲ್ಲಾಗಲಿ ‘ಮೃತ’ ಎಂದು ಬರೆಯಬೇಡಿ.