ಖಾಲಿ ಸಿ.ಡಿ.ಗಳನ್ನು ಆರಿಸುವ ವಿಷಯ

ಬಾರ್ಕೂರಿನಲ್ಲಿ ಆಳುಪರ ಹಾಗೂ ವಿಜಯನಗರದ ಕಾಲದ ಶಿಲಾಶಾಸನಗಳು ಇಂದಿಗೂ ಓದಲು ದೊರೆಯುತ್ತವೆ. ನಾವಾದರೋ ಮಕ್ಕಳ ಹಾಡುಗಳನ್ನೂ ಶಾಲೆಯ ಚಿತ್ರಗಳನ್ನೂ ತುಂಬಿಸಿಟ್ಟ ಸಿ.ಡಿ.ಗಳಲ್ಲಿ ಕೆಲವು ಹತ್ತು ವರ್ಷವೂ ಬಾಳಲಿಲ್ಲ. ಅವುಗಳನ್ನು ಕ್ರಯ ನೋಡಿಯೇ ಕೊಂಡಿದ್ದೆವೆಂದು ಒಪ್ಪಿಕೊಳ್ಳಬೇಕು.

ಖಾಲಿ ಸಿ.ಡಿ.ಯಲ್ಲಿ ಲೇಸರ್ ಕಿರಣವು ಬಣ್ಣದ ತೆಳು ಪದರವನ್ನು ಸುಟ್ಟು ಗುರುತು ಮಾಡುವದು. ಆ ಬಣ್ಣವು ಬಿಸಿಲಿಗೆ ಮಾಸುವದು. ಅದರ ಹಿಂದಿನ ಬೆಳ್ಳಿಯ ಪದರವು ತೇವಗಾಳಿ ತಗಲಿದರೆ ಕೆಡುವದು. ನಮ್ಮ ಕರಾವಳಿಯ ಮಳೆಗಾಲವನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. ಆದುದರಿಂದ ಥಾಲೋಸಯನೀನ್ ಎಂಬ ಬಣ್ಣವೂ ಚಿನ್ನದ ಪದರವೂ ಉಳ್ಳವುಗಳನ್ನು, ಬೆಲೆ ಹೆಚ್ಚಾದರೂ, ಆರಿಸುವದು ಒಳ್ಳೇದು. ಪೆಟ್ಟಿಗೆಯ ಮೇಲಿನ ಹೆಸರೊಂದನ್ನೇ ನಂಬಕೂಡದು. ಒಂದೇ ಹೆಸರಿನಲ್ಲಿ ಹಲವು ಕಾರ್ಖಾನೆಗಳ ಸರಕು ಬರುವದುಂಟು. ಹೆಸರುವಾಸಿಯಾಗಿದ್ದ ಜಪಾನಿನ ತೈಯೋ ಯೂಡೆನ್ ಕಂಪೆನಿಯು 2015ರಲ್ಲಿ ಈ ತಯಾರಿಕೆಯನ್ನೇ ನಿಲ್ಲಿಸಿತು.

ಮೊದಲು ಸ್ವಲ್ಪವೇ ಕೊಂಡು, ಒಂದರಲ್ಲಿ ತುಂಬಿಸಿ, ಮೂಲದೊಂದಿಗೆ ಸರಿಹೋಲಿಸಿ ಬೇರೊಂದು ಯಂತ್ರದಲ್ಲಿಯೂ ಓದಿಸಿ ನೋಡತಕ್ಕದ್ದು. ಮೇಲ್ಮೈಗೆ ಕಾಗದದ ಚೀಟಿ ಅಂಟಿಸಕೂಡದು. ಅಮೂಲ್ಯವಾದದ್ದನ್ನು ಎರಡು ಕಾರ್ಖಾನೆಗಳ ಸಿ.ಡಿ.ಗಳಲ್ಲಿ ತುಂಬಿಸಿ, ಒಂದನ್ನು ಬಂಧುಗಳ ಮನೆಯಲ್ಲಿಡಬೇಕು.